ಗೊಬ್ಬರ ಹಾಕುವ ಮೊದಲು ಗುಲಾಬಿಯ ಬುಡವನ್ನು ನೋಡಿ

ನರ್ಸರಿಯಿಂದ ತಂದಾಗ ಮೈತುಂಬ ಹೂವಿದ್ದ ಗುಲಾಬಿ ಎರಡೇ ತಿಂಗಳಲ್ಲಿ ಹೂ ಬಿಡುವುದನ್ನು ನಿಲ್ಲಿಸಿದೆ, ಬುಡದಿಂದ ಉದ್ದನೆಯ ಹಸಿರು ಕೊಂಬೆಯೊಂದು ಎದ್ದಿದ್ದರೂ ಅದರಲ್ಲಿ ಒಂದು ಮೊಗ್ಗೂ ಇಲ್ಲ, ಮಳೆ ಹಿಡಿದ ಮೇಲೆ ಕೆಳಗಿನ ಎಲೆಗಳು ಕಪ್ಪು ಚುಕ್ಕೆ ಬಂದು ಹಳದಿಯಾಗಿ ಉದುರುತ್ತಿವೆ, ಇದಕ್ಕೆ ಯಾವ ಗೊಬ್ಬರ ಹಾಕಬೇಕು ಎಂದು ಕೇಳಿದ್ದೀರಿ. ನಾನೂ ಬೆಂಗಳೂರಿನಲ್ಲೇ ತಾರಸಿಯ ಮೇಲೆ ಹಲವು ವರ್ಷಗಳಿಂದ ಗುಲಾಬಿ ಬೆಳೆಸುತ್ತಿದ್ದೇನೆ. ನಿಮ್ಮ ವಿವರ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಆ ಉದ್ದನೆಯ ಕೊಂಬೆಯ ಮೇಲೆ. ಅದು ಏನೆಂದು ಗೊತ್ತಾಗುವವರೆಗೆ ದಯವಿಟ್ಟು ಯಾವ ಗೊಬ್ಬರವನ್ನೂ ಹಾಕಬೇಡಿ, ಏಕೆಂದರೆ ಈಗ ಕೊಡುವ ಆಹಾರವೆಲ್ಲ ಬೇಡದ ಗಿಡದ ಪಾಲಾಗುವ ಸಂಭವವೇ ಹೆಚ್ಚು.

ನರ್ಸರಿಯಲ್ಲಿ ಸಿಗುವ ದೊಡ್ಡ ಹೂವಿನ ಗುಲಾಬಿಗಳಲ್ಲಿ ಬಹುಪಾಲು ಕಸಿ ಗಿಡಗಳು. ಗಟ್ಟಿ ಬೇರಿನ ಒಂದು ಕಾಡು ಜಾತಿಯ ಗುಲಾಬಿಯ ಕಾಂಡಕ್ಕೆ ನಮಗೆ ಬೇಕಾದ ಹೂವಿನ ಗಿಡದ ಒಂದೇ ಒಂದು ಕಣ್ಣನ್ನು, ಅಂದರೆ ಕೊಂಬೆಯ ಮೇಲೆ ಚಿಗುರೊಡೆಯುವ ಪುಟ್ಟ ಮೊಗ್ಗನ್ನು, ಕೂರಿಸಿ ಬೆಳೆಸಿರುತ್ತಾರೆ. ಬುಡದ ಮಣ್ಣನ್ನು ಬೆರಳಿನಿಂದ ಸ್ವಲ್ಪ ಸರಿಸಿದರೆ ಕಾಂಡದಲ್ಲಿ ಉಬ್ಬಿಕೊಂಡ ಒಂದು ಗಂಟು ಕಾಣಿಸುತ್ತದೆ. ಕೆಲವೊಮ್ಮೆ ಅಲ್ಲಿ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿದುಕೊಂಡೇ ಇರುತ್ತದೆ, ಅದನ್ನು ಬ್ಲೇಡಿನಿಂದ ಮೆಲ್ಲಗೆ ಸೀಳಿ ತೆಗೆಯಬೇಕು. ಗಂಟಿನ ಮೇಲಿನಿಂದ ಹೊರಟ ಕೊಂಬೆ ನೀವು ಹಣ ಕೊಟ್ಟು ತಂದ ಗುಲಾಬಿಯದು, ಕೆಳಗಿನಿಂದ ಹೊರಟದ್ದು ಕಾಡು ಗುಲಾಬಿಯದು. ಕಾಡು ಚಿಗುರು ತಿಳಿ ಹಸಿರಾಗಿ, ಸಣ್ಣ ಎಲೆಗಳಿಂದ ಕೂಡಿ, ಮುಳ್ಳು ಕಡಿಮೆಯಿದ್ದು ಅಥವಾ ಇಲ್ಲದೆಯೇ, ನೋಡನೋಡುತ್ತಿದ್ದಂತೆ ಎತ್ತರಕ್ಕೆ ಹೋಗುತ್ತದೆ. ಒಂದು ಎಲೆಯಲ್ಲಿ ಏಳು ಕಿರುಎಲೆಗಳಿದ್ದರೆ ಅದು ಕಾಡು ಗಿಡವೆಂದು ಅನೇಕರು ಹೇಳುತ್ತಾರೆ. ಆದರೆ ಒಳ್ಳೆಯ ಜಾತಿಯ ಬಲವಾದ ಕೊಂಬೆಗಳಲ್ಲಿಯೂ ಏಳು ಇರುವುದುಂಟು, ಆದ್ದರಿಂದ ಎಣಿಕೆಯನ್ನು ನಂಬದೆ ಕೊಂಬೆ ಎಲ್ಲಿಂದ ಹುಟ್ಟಿದೆ ಎಂಬುದನ್ನೇ ನೋಡಿ ತೀರ್ಮಾನಿಸಿ.

ಅದು ಗಂಟಿನ ಕೆಳಗಿನದೇ ಆಗಿದ್ದರೆ ಮಣ್ಣಿನ ಮಟ್ಟಕ್ಕೆ ಕತ್ತರಿಸಿ ಬಿಡಬೇಡಿ, ಉಳಿದ ಮೋಟಿನಿಂದ ಮತ್ತೆ ನಾಲ್ಕು ಕಡೆ ಚಿಗುರೊಡೆಯುತ್ತದೆ. ಮಣ್ಣನ್ನು ಬಿಡಿಸಿ, ಅದು ಹುಟ್ಟಿದ ಜಾಗವನ್ನು ಕಂಡುಕೊಂಡು, ಬುಡಸಮೇತ ಕೆಳಮುಖವಾಗಿ ಎಳೆದು ಕಿತ್ತುಹಾಕಿ. ಗಂಟಿನ ಮೇಲಿನಿಂದಲೇ ದಪ್ಪನಾದ, ಕೆಂಪು ಛಾಯೆಯ ಚಿಗುರು ಎದ್ದಿದ್ದರೆ ಮಾತ್ರ ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಮುಂದಿನ ವರ್ಷಗಳ ಹೂವು ಬರುವುದು ಅದರಿಂದಲೇ.

ಕಪ್ಪು ಚುಕ್ಕೆ ಬೇರೆಯೇ ವಿಷಯ, ಅದು ಶಿಲೀಂಧ್ರದಿಂದ ಬರುವ ರೋಗ. ಎಲೆ ಗಂಟೆಗಟ್ಟಲೆ ಒದ್ದೆಯಾಗಿಯೇ ಇದ್ದಾಗ ಅದರ ಬೀಜಕಣಗಳು ಎಲೆಯೊಳಗೆ ಇಳಿಯುತ್ತವೆ, ಆದ್ದರಿಂದಲೇ ಮಳೆಗಾಲದಲ್ಲಿ ಇದರ ಕಾಟ ಜಾಸ್ತಿ. ಚುಕ್ಕೆ ಬಿದ್ದ ಎಲೆಗಳನ್ನೂ ಕುಂಡದಲ್ಲಿ ಉದುರಿದವನ್ನೂ ಆರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಸಂಜೆ ಗಿಡದ ತಲೆಯ ಮೇಲೆ ನೀರು ಸುರಿಯುವ ಅಭ್ಯಾಸವಿದ್ದರೆ ಅದನ್ನು ಬಿಟ್ಟು, ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಿ. ಕುಂಡಗಳ ನಡುವೆ ಗಾಳಿಯಾಡುವಷ್ಟು ಜಾಗವಿರಲಿ. ಇಷ್ಟಾದರೂ ಹತೋಟಿಗೆ ಬಾರದಿದ್ದರೆ ತಾಮ್ರದ ಆಕ್ಸಿಕ್ಲೋರೈಡ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿರುವ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಮಳೆ ಬಿಡುವು ಕೊಟ್ಟ ದಿನ ಎಲೆಯ ಎರಡೂ ಬದಿಗೆ ತಗುಲುವಂತೆ ಸಿಂಪಡಿಸಬಹುದು. ಚುಕ್ಕೆ ಬಂದ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆ ಶುದ್ಧವಾಗಿ ಬಂದರೆ ಅದೇ ಗುಣವಾದ ಲಕ್ಷಣ.

ಬಿಸಿಲಿನ ವಿಷಯದಲ್ಲಿ ರಾಜಿಗೆ ಅವಕಾಶವಿಲ್ಲ. ದಿನಕ್ಕೆ ಕನಿಷ್ಠ 5–6 ಗಂಟೆ ನೇರ ಬಿಸಿಲು ಬೀಳದ ಬಾಲ್ಕನಿಯಲ್ಲಿ ಗುಲಾಬಿ ಬದುಕುತ್ತದೆಯೇ ಹೊರತು ಹೂ ಬಿಡುವುದಿಲ್ಲ. ಕುಂಡ 12 ಅಂಗುಲಕ್ಕಿಂತ ಚಿಕ್ಕದಿರಬಾರದು. ನರ್ಸರಿಯ ಚೀಲದಲ್ಲಿ ಬಂದ ಜೇಡಿಮಣ್ಣಿನ ಉಂಡೆ ಹಲವು ಬಾರಿ ಇಟ್ಟಿಗೆಯಂತೆ ಗಟ್ಟಿಯಾಗಿದ್ದು, ಮೇಲೆ ಹಾಕಿದ ನೀರು ಅದರ ಪಕ್ಕದಿಂದಲೇ ಹರಿದುಹೋಗುತ್ತದೆ. ಕುಂಡದ ಕೆಳಗೆ ನೀರು ಬಂತೆಂದು ನಾವು ಸಮಾಧಾನಪಟ್ಟರೂ ಒಳಗಿನ ಬೇರು ಒಣಗಿಯೇ ಇರುತ್ತದೆ. ನಿಮ್ಮ ಗಿಡದಲ್ಲಿ ಹಾಗಾಗಿದ್ದರೆ ಉಂಡೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಅಂಚಿನ ಮಣ್ಣನ್ನು ಮೆಲ್ಲಗೆ ಬಿಡಿಸಿ, ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಸ್ವಲ್ಪ ಮರಳು ಬೆರೆಸಿದ ಮಿಶ್ರಣದಲ್ಲಿ ಮತ್ತೆ ನೆಡಿ, ಕಸಿಯ ಗಂಟು ಮಣ್ಣಿನ ಮೇಲಿರಲಿ.

ಇನ್ನು ಚಾಟನಿ, ಅಂದರೆ ಕೊಂಬೆಗಳನ್ನು ಕತ್ತರಿಸಿ ಸವರುವುದು. ಚೆನ್ನಾಗಿರುವ ಕೊಂಬೆಗೆ ಕತ್ತರಿ ಹಾಕಲು ಎಲ್ಲರಿಗೂ ಮನಸ್ಸು ಹಿಂಜರಿಯುತ್ತದೆ, ಅದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಗುಲಾಬಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಚಳಿ ದೇಶಗಳಲ್ಲಿ ಹಿಮ ಬಿದ್ದು ಗಿಡ ತಾನಾಗಿಯೇ ವಿಶ್ರಾಂತಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಅಂಥ ಚಳಿಯಿಲ್ಲದ ಕಾರಣ ಆ ಬಿಡುವನ್ನು ನಾವೇ ಕತ್ತರಿಯಿಂದ ಕೊಡಬೇಕು. ಜೋರು ಮಳೆ ಮುಗಿಯುವ ಅಕ್ಟೋಬರ್ ಹೊತ್ತಿಗೆ, ಒಣಗಿದ, ಕಡ್ಡಿಯಂತೆ ತೆಳ್ಳಗಿರುವ ಮತ್ತು ಒಳಮುಖವಾಗಿ ಒಂದನ್ನೊಂದು ಉಜ್ಜುತ್ತಿರುವ ಕೊಂಬೆಗಳನ್ನು ಪೂರ್ತಿ ತೆಗೆದು, ಉಳಿದ ಗಟ್ಟಿ ಕೊಂಬೆಗಳನ್ನು ಸುಮಾರು ಅರ್ಧಕ್ಕೆ ಇಳಿಸಿ. ಹೊರಕ್ಕೆ ಮುಖ ಮಾಡಿದ ಕಣ್ಣೊಂದನ್ನು ಆರಿಸಿ, ಅದರಿಂದ ಕಾಲು ಅಂಗುಲ ಮೇಲೆ, ನೀರು ಕಣ್ಣಿನ ಮೇಲೆ ಇಳಿಯದಂತೆ ಆಚೆಗೆ ಓರೆಯಾಗಿ ಕತ್ತರಿಸಬೇಕು. ಕತ್ತರಿಸಿದ ಮುಖವನ್ನು ಗಮನವಿಟ್ಟು ನೋಡಿ: ನಡುವಿನ ತಿರುಳು ಬೆಳ್ಳಗಿದ್ದರೆ ಕೊಂಬೆ ಆರೋಗ್ಯವಾಗಿದೆ, ಕಂದಾಗಿದ್ದರೆ ಬಿಳುಪು ಕಾಣುವವರೆಗೆ ಇನ್ನೂ ಕೆಳಕ್ಕೆ ಕತ್ತರಿಸಿ. ಗಾಯದಿಂದ ಕೊಂಬೆ ಕಪ್ಪಾಗಿ ಒಣಗುತ್ತ ಇಳಿಯದಂತೆ, ಅದೇ ತಾಮ್ರದ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಎಲ್ಲವೂ ಸರಿಯಾದರೆ ಸುಮಾರು ಒಂದೂವರೆ ತಿಂಗಳಲ್ಲಿ ಮೊದಲ ಹೂ ಅರಳುತ್ತದೆ. ಅಲ್ಲಿಂದ ಮುಂದೆ ಬಾಡಿದ ಹೂವನ್ನು ಬರಿ ತೊಟ್ಟಿನಿಂದ ಚಿವುಟದೆ, ಐದು ಕಿರುಎಲೆಗಳಿರುವ ಮೊದಲ ಪೂರ್ಣ ಎಲೆಯ ಮೇಲಕ್ಕೆ ಕತ್ತರಿಸುತ್ತ ಬನ್ನಿ.

ನೀವು ಕೇಳಿದ ಗೊಬ್ಬರಕ್ಕೆ ಆಗ ಕಾಲ ಕೂಡಿಬರುತ್ತದೆ. ಚಾಟನಿಯ ನಂತರ ಕುಂಡಕ್ಕೆ ಎರಡು ಹಿಡಿ ಕೊಟ್ಟಿಗೆ ಅಥವಾ ಎರೆಹುಳು ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ಸ್ವಲ್ಪ ಮೂಳೆ ಪುಡಿ ಸಾಕು. ಚಿಗುರು ಬಂದ ಮೇಲೆ ಕಡಲೆಕಾಯಿ ಹಿಂಡಿಯನ್ನು ನೆನೆಸಿ ತೆಳ್ಳಗೆ ಮಾಡಿದ ನೀರನ್ನು ಎರಡು ವಾರಕ್ಕೊಮ್ಮೆ ಕೊಡಬಹುದು. ಹಾಲು, ಸಕ್ಕರೆ ಬೆರೆತ ಟೀ ಚರಟ ಹಾಕಿದರೆ ಇರುವೆ ಬರುತ್ತದೆ. ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬೋರ್‌ವೆಲ್‌ನ ಗಡಸು ನೀರಿನಿಂದ ಬರುವ ಕಬ್ಬಿಣದ ಕೊರತೆಯಿರಬಹುದು; ಹಿಡಿದಿಟ್ಟ ಮಳೆನೀರು ಇದಕ್ಕೆ ಒಳ್ಳೆಯದು.

ಬುಡ ನೋಡಿದಾಗ ಗಂಟಿನ ಮೇಲಿನ ಭಾಗ ಪೂರ್ತಿ ಒಣಗಿದ್ದರೆ ಆ ಗಿಡದಿಂದ ಹಳೆಯ ಹೂ ಮತ್ತೆ ಬರುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಹೊಸದನ್ನು ತರುವುದಾದರೆ ಪರಿಮಳದ ಬಿಡಿ ಹೂವಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಪರಿಮಳ ತಳಿಯನ್ನು ವಿಚಾರಿಸಿ ನೋಡಿ. ಅದು ಸಿಗದಿದ್ದರೆ ಯಾರದಾದರೂ ಮನೆಯಂಗಳದ ಪನ್ನೀರು ಗುಲಾಬಿಯಿಂದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕೇಳಿ ತಂದು ನೆಡಿ; ಅದು ತನ್ನದೇ ಬೇರಿನ ಮೇಲೆ ಬೆಳೆಯುವುದರಿಂದ ಬುಡದಿಂದ ಏಳುವ ಪ್ರತಿಯೊಂದು ಚಿಗುರೂ ಅದೇ ಹೂವನ್ನು ಕೊಡುತ್ತದೆ, ಯಾವುದನ್ನೂ ಕಿತ್ತುಹಾಕಬೇಕಾಗಿಲ್ಲ.