ಬೆಂಗಳೂರಿಗೆ ಬರ್ಜೆಸ್ ಮಾದರಿ ಹೊಂದುತ್ತದಾ?

ನಗರ ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ಸಮಾಜಶಾಸ್ತ್ರಜ್ಞ ಬರ್ಜೆಸ್ ಹೇಳಿದ ವೃತ್ತಗಳ ಮಾದರಿಯನ್ನು ಉತ್ತರದಲ್ಲಿ ಬೆಂಗಳೂರಿಗೆ ಹಚ್ಚಿ ಬರೆಯಬಹುದಾ ಅಂತ ಕೇಳಿದ್ದೀರಿ. ಬೇಡ ಅನ್ನುತ್ತೇನೆ. 1925ರಲ್ಲಿ ಅವರು ಅದನ್ನು ಬರೆದದ್ದು ಷಿಕಾಗೋ ನೋಡಿಕೊಂಡು. ನಡುವೆ ಒಂದೇ ವ್ಯಾಪಾರ ಕೇಂದ್ರ, ಸುತ್ತ ಒಂದಾದ ಮೇಲೊಂದು ವಲಯ, ಉಳ್ಳವರ ಮನೆಗಳು ಹೊರಗಿನ ವೃತ್ತಗಳಲ್ಲಿ.

ಬೆಂಗಳೂರು ಬೆಳೆದದ್ದು ಹಾಗಲ್ಲ. ಒಂದು ಕಡೆ ಕೆಂಪೇಗೌಡರ ಪೇಟೆ. ಅಕ್ಕಿಪೇಟೆ, ಬಳೆಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಇನ್ನೊಂದು ಕಡೆ ಬ್ರಿಟಿಷರು 1809ರಲ್ಲಿ ಕಟ್ಟಿದ ದಂಡು ಪ್ರದೇಶ: ಪರೇಡ್ ಮೈದಾನ, ಅಗಲವಾದ ರಸ್ತೆ, ದೊಡ್ಡ ಕಾಂಪೌಂಡಿನ ಬಂಗಲೆಗಳು. ಎರಡರ ನಡುವೆ ಕಬ್ಬನ್ ಪಾರ್ಕ್. ಆಡಳಿತವೂ ಬೇರೆ ಬೇರೆಯೇ ಇತ್ತು, ಒಂದಾದದ್ದು 1949ರಲ್ಲಿ! 1898ರ ಪ್ಲೇಗಿನ ಹೊತ್ತಿಗೆ ಪೇಟೆಯ ಇಕ್ಕಟ್ಟು ತಪ್ಪಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬಂದವು. ಈಚೆಗೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸವೇ ಜಾಸ್ತಿ ಆಗಿ, ಜನ ಬೆಳಿಗ್ಗೆ ಊರೊಳಗಿಂದ ಹೊರಗೆ ಹೋಗುತ್ತಾರೆ ಅಲ್ವಾ?

ಇದಕ್ಕೆ ಭೂಗೋಳಶಾಸ್ತ್ರಜ್ಞರಾದ ಹ್ಯಾರಿಸ್ ಮತ್ತು ಉಲ್ಮನ್ 1945ರಲ್ಲಿ ಹೇಳಿದ, ಒಂದೇ ನಗರಕ್ಕೆ ಹಲವು ಕೇಂದ್ರ ಅನ್ನುವ ಬಹುಕೇಂದ್ರ ಮಾದರಿಯೇ ಹತ್ತಿರ. ಉತ್ತರದಲ್ಲಿ ಸುಮ್ನೆ ವೃತ್ತ ಎಳೆಯಬೇಡಿ. ಪೇಟೆ, ದಂಡು, ವೈಟ್‌ಫೀಲ್ಡ್‌ಗಳನ್ನು ಬೇರೆ ಬೇರೆ ಕೇಂದ್ರಗಳಾಗಿ ನಕ್ಷೆಯಲ್ಲಿ ಗುರುತಿಸಿ, ಒಂದೊಂದೂ ಯಾಕೆ ಹುಟ್ಟಿತು ಅಂತ ಎರಡು ಸಾಲು ಬರೆಯಿರಿ.