1994ರ ವಿಂಟೇಜ್ ಪೋರ್ಟ್‌ನಲ್ಲಿ ಕಪ್ಪು ಗಸಿ: ಕೆಟ್ಟಿದೆಯಾ?

ಬೇಸಿಗೆಯ ಸೆಕೆಯಲ್ಲೇ ಇದ್ದ 1994ರ ಪೋರ್ಟ್ ಬಾಟಲಿಗೆ ಟಾರ್ಚ್ ಬಿಟ್ಟು ನೋಡಿದಾಗ ಕಪ್ಪು ಗಸಿ ಕಂಡಿತು, ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಆ ಗಸಿ ಬಹುಶಃ ಕೆಟ್ಟಿದ್ದರ ಗುರುತಲ್ಲ. ಪೋರ್ಟ್ ಅಂದರೆ ಪೋರ್ಚುಗಲ್‌ನ ಸಿಹಿಯಾದ, ಗಟ್ಟಿ ವೈನ್; ಒಂದೇ ಒಳ್ಳೆಯ ವರ್ಷದ ದ್ರಾಕ್ಷಿಯಿಂದ ಮಾಡಿದ್ದು ವಿಂಟೇಜ್ ಪೋರ್ಟ್. ಅದನ್ನು ಪೀಪಾಯಿಯಲ್ಲಿ ಸುಮಾರು ಎರಡು ವರ್ಷ ಇಟ್ಟು, ಸೋಸದೆ ಬಾಟಲಿಗೆ ತುಂಬುತ್ತಾರೆ. ಪೋರ್ಚುಗಲ್‌ನ ದೋರು ಕಣಿವೆಯಲ್ಲಿ ಇದರ ದ್ರಾಕ್ಷಿಯನ್ನು ಇವತ್ತಿಗೂ ಎಷ್ಟೋ ಕಡೆ ಕಲ್ಲಿನ ತೊಟ್ಟಿಯಲ್ಲಿ ಕಾಲಲ್ಲೇ ತುಳಿಯುತ್ತಾರೆ. ಸಿಪ್ಪೆಯ ಬಣ್ಣ, ಒಗರು ಜಾಸ್ತಿ ಇಳಿಯುತ್ತದೆ. ಅದೇ ವರ್ಷಗಟ್ಟಲೆ ತಳ ಹಿಡಿದು ಗಸಿಯಾಗುತ್ತದೆ. 1994 ಒಳ್ಳೆಯ ವರ್ಷ, ಸುಮ್ನೆ ಚೆಲ್ಲಬೇಡಿ.

ಮೊದಲು ಬಾಟಲಿಯನ್ನು ಒಂದು ದಿನವಾದರೂ ನೆಟ್ಟಗೆ ನಿಲ್ಲಿಸಿ. ಹಳೇ ಕಾರ್ಕ್ ಪುಡಿಯಾಗಬಹುದು, ನಿಧಾನ. ಕಾರ್ಕಿನ ಎರಡೂ ಬದಿಗೆ ತೂರಿಸಿ ಎಳೆಯುವ ಎರಡು ಕಡ್ಡಿಯ ಓಪನರ್ ಸಿಕ್ಕರೆ ಒಳ್ಳೆಯದು. ಆಮೇಲೆ ತೆಳು ಮಲ್ಲು ಬಟ್ಟೆ ಹಾಕಿ, ಅಲುಗಾಡಿಸದೆ ಒಂದೇ ಸಲಕ್ಕೆ ಗಾಜಿನ ಜಗ್‌ಗೆ ಬಗ್ಗಿಸಿ. ಬಾಟಲಿಯ ಕುತ್ತಿಗೆಗೆ ಗಸಿ ಬಂದ ತಕ್ಷಣ ನಿಲ್ಲಿಸಿಬಿಡಿ. ಎರಡು ಬೆರಳಿನಷ್ಟು ಹೋಗುತ್ತದೆ, ಹೋಗಲಿ.

ಈಗ ಮೂಸಿ ನೋಡಿ. ಒದ್ದೆ ರಟ್ಟಿನ ವಾಸನೆ ಅಥವಾ ವಿನೆಗರ್ ಘಾಟು ಇದ್ದರೆ ಕೆಟ್ಟಿದೆ. ಬಾಟಲಿ ಸೆಕೆಯಲ್ಲೇ ಇತ್ತಲ್ಲ, ಹಾಗಾಗಿ ಮೂಸದೆ ಖಚಿತವಾಗಿ ಹೇಳಲಾಗದು. ಚೆನ್ನಾಗಿದ್ದರೆ ಎರಡು ಮೂರು ದಿನದಲ್ಲಿ ಮುಗಿಸಿ. ಪೀಪಾಯಿಯಲ್ಲೇ ವರ್ಷಗಟ್ಟಲೆ ಇಟ್ಟ ಟಾನಿ ಪೋರ್ಟ್‌ನಂತೆ ಇದು ವಾರಗಟ್ಟಲೆ ತಡೆಯುವುದಿಲ್ಲ.