ಓದುಗರ ಪ್ರಶ್ನೆ, ನಮ್ಮ ಉತ್ತರ: ಥೀಮ್ ಪಾರ್ಕಿಗೆ ಕೊಡುವ ದುಡ್ಡು ದಕ್ಕುತ್ತದೆಯೇ?

ಶಾಲೆಗಳ ರಜೆ ಹತ್ತಿರವಾದಂತೆಲ್ಲ ಥೀಮ್ ಪಾರ್ಕುಗಳ ದುಬಾರಿ ದರ ಕುರಿತ ಪತ್ರಗಳು ಈ ಅಂಕಣಕ್ಕೆ ಹೆಚ್ಚು ಬರುತ್ತವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನಗೆ ಹನ್ನೆರಡು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳಿದ್ದಾರೆ. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋಗಿದ್ದೆವು. ಈಗ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯೋಣವೆಂದು ವಿಚಾರಿಸಿದರೆ ಟಿಕೆಟ್ ದರ ಅಂದಿನ ಎರಡು ಪಟ್ಟನ್ನೂ ಮೀರಿದೆ. ಬೆಲೆ ಏರದ ವಸ್ತು ಯಾವುದಿದೆ ಎಂದು ನನ್ನ ಯಜಮಾನರು ಕೇಳುತ್ತಾರೆ. ನನಗೆ ಮಾತ್ರ ಸಮಾಧಾನವಿಲ್ಲ. ಇಷ್ಟು ಖರ್ಚು ಮಾಡಿ ಹೋಗುವುದರಲ್ಲಿ ಈಗಲೂ ಅರ್ಥವಿದೆಯೇ?

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿ ಸ್ವಲ್ಪ ಮಟ್ಟಿಗೆ ಸತ್ಯವಿದೆ, ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ದರದ ಇತಿಹಾಸ ಸ್ಪಷ್ಟವಾಗಿ ಸಿಗುವ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1955ರ ಜುಲೈ ತಿಂಗಳಲ್ಲಿ ಅದು ಬಾಗಿಲು ತೆರೆದಾಗ ವಯಸ್ಕರ ಪ್ರವೇಶ ಶುಲ್ಕ 1 ಡಾಲರ್ ಇತ್ತು. ಒಂದೊಂದು ರೈಡಿಗೂ ಬೇರೆ ಹಣ ಕೊಡಬೇಕಿತ್ತು. ಕೆಲವೇ ತಿಂಗಳಲ್ಲಿ ರೈಡುಗಳ ಚೀಟಿಪುಸ್ತಕಗಳು ಬಂದವು. 1982ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು, 12 ಡಾಲರ್ ಕೊಟ್ಟು ಒಳಗೆ ಹೋದವರು ದಿನವಿಡೀ ಬೇಕಾದ ರೈಡನ್ನು ಬೇಕಾದಷ್ಟು ಸಲ ಹತ್ತಬಹುದೆಂಬ ವ್ಯವಸ್ಥೆ ಮಾಡಲಾಯಿತು. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ನೋಡಿದರೆ ಆ 12 ಡಾಲರ್ 2024ರ ವೇಳೆಗೆ ಸುಮಾರು 39 ಡಾಲರ್ ಆಗುತ್ತದೆ. ವಾಸ್ತವದಲ್ಲಿ ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ, ಅತಿ ಹೆಚ್ಚು ಜನ ಬರುವ ದಿನಗಳ ಟಿಕೆಟ್ 206 ಡಾಲರ್ ಮುಟ್ಟಿತು. ಮರುವರ್ಷ 224 ಡಾಲರ್ ಆಯಿತು. ಇದನ್ನು ಹಣದುಬ್ಬರದ ತಲೆಗೆ ಕಟ್ಟುವಂತಿಲ್ಲ.

ಆದರೆ ಅದೇ ದರಪಟ್ಟಿಯ ಇನ್ನೊಂದು ತುದಿಯನ್ನೂ ನೋಡಬೇಕು. ಡಿಸ್ನಿಲ್ಯಾಂಡಿನ ಅತ್ಯಂತ ಅಗ್ಗದ ದಿನದ ಟಿಕೆಟ್ 2019ರಲ್ಲಿ 104 ಡಾಲರ್ ಇತ್ತು. ಮೇಲೆ ಹೇಳಿದ ಏರಿಕೆಗಳೆಲ್ಲ ಆದ ಮೇಲೂ ಅದು 104 ಡಾಲರಿನಲ್ಲೇ ನಿಂತಿತ್ತು. ಅಂದರೆ ಏರಿದ್ದು ಮುಖ್ಯವಾಗಿ ಎಲ್ಲರೂ ಹೋಗಲು ಬಯಸುವ ದಿನಗಳ ಬೆಲೆ. ಡಿಸ್ನಿ ಸಂಸ್ಥೆ ದಿನಕ್ಕೊಂದು ದರದ ಪದ್ಧತಿಯನ್ನು ತನ್ನ ಅಮೆರಿಕದ ಪಾರ್ಕುಗಳಲ್ಲಿ 2016ರಲ್ಲಿ ಆರಂಭಿಸಿತು. ಟೋಕಿಯೋ ಡಿಸ್ನಿಲ್ಯಾಂಡಿನಲ್ಲಿ ಅದು 2021ರಲ್ಲಿ ಬಂತು. ಈಗ ಹಲವು ದೊಡ್ಡ ಪಾರ್ಕುಗಳು ವಿಮಾನದ ಟಿಕೆಟಿನಂತೆ ದಿನಾಂಕ ನೋಡಿಯೇ ಬೆಲೆ ಹೇಳುತ್ತವೆ. ಈ ಪದ್ಧತಿಯ ವಿಚಿತ್ರವೆಂದರೆ, ಅತಿ ಹೆಚ್ಚು ಹಣ ಕೊಟ್ಟ ದಿನ ಅತಿ ಕಡಿಮೆ ಸುಖ ಸಿಗುತ್ತದೆ, ಏಕೆಂದರೆ ಬೆಲೆ ಏರಲು ಕಾರಣವಾದ ಜನಸಂದಣಿಯೇ ನಿಮ್ಮನ್ನು ಸಾಲಿನಲ್ಲಿ ನಿಲ್ಲಿಸುವುದು.

ನಿರ್ವಹಣೆಯ ಖರ್ಚು ಸುಳ್ಳಲ್ಲ. ಪ್ರತಿ ದಿನ ಬಾಗಿಲು ತೆರೆಯುವ ಮೊದಲೇ ಪ್ರತಿಯೊಂದು ರೈಡನ್ನೂ ಪರೀಕ್ಷಿಸಿ ಖಾಲಿಯಾಗಿ ಓಡಿಸಿ ನೋಡಬೇಕು. ಯಂತ್ರ ಎಷ್ಟೇ ಸುಧಾರಿಸಿದರೂ ಜನರನ್ನು ಕೂರಿಸಿ, ಬೆಲ್ಟ್ ಎಳೆದು ನೋಡಿ, ಇಳಿಸುವ ಕೆಲಸಕ್ಕೆ ಮನುಷ್ಯರೇ ಬೇಕು. ಹೊಸ ರೈಡುಗಳ ಬಂಡವಾಳವೂ ಭಾರಿಯಾದದ್ದು: ಮುಂದಿನ ಹತ್ತು ವರ್ಷಗಳಲ್ಲಿ ಪಾರ್ಕ್ ಮತ್ತು ಹಡಗು ಪ್ರವಾಸದ ವಿಭಾಗದಲ್ಲಿ ಸುಮಾರು 6,000 ಕೋಟಿ ಡಾಲರ್ ಹೂಡುವುದಾಗಿ ಡಿಸ್ನಿ 2023ರಲ್ಲಿ ಪ್ರಕಟಿಸಿತು. ಆದರೂ 2024ರ ಆರ್ಥಿಕ ವರ್ಷದಲ್ಲಿ ಆ ಸಂಸ್ಥೆಯ ವಿಭಾಗವಾರು ಕಾರ್ಯಾಚರಣಾ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ವಿಭಾಗದಿಂದ ಬಂದದ್ದೆಂಬುದನ್ನು ನೋಡಿದಾಗ, ಖರ್ಚು ಹೆಚ್ಚಿದ್ದರಿಂದಷ್ಟೇ ದರ ಏರಿತೆಂಬ ವಾದವನ್ನು ಪೂರ್ತಿ ಒಪ್ಪಲಾಗುವುದಿಲ್ಲ. ಜನ ಕೊಡುತ್ತಾರೆಂಬ ಧೈರ್ಯವೂ ದರದೊಳಗೆ ಸೇರಿದೆ.

ಇನ್ನು ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ. ಪಾರ್ಕಿನಲ್ಲಿ ಹತ್ತು ಗಂಟೆ ಇರುತ್ತೀರೆಂದುಕೊಳ್ಳಿ. ಊಟ, ತಿರುಗಾಟ, ವಿಶ್ರಾಂತಿಗೆ ಮೂರು ಗಂಟೆ ತೆಗೆದರೆ ಉಳಿಯುವುದು ಏಳು. ಒಂದೊಂದು ರೈಡಿಗೂ ಸರಾಸರಿ ಒಂದು ಗಂಟೆ ಕಾಯಬೇಕಾದ ದಿನ ಆರೋ ಏಳೋ ರೈಡುಗಳು ಸಿಗುತ್ತವೆ; ಇಪ್ಪತ್ತು ನಿಮಿಷ ಕಾಯುವ ದಿನ ಹದಿನೈದಕ್ಕೂ ಹೆಚ್ಚು ಸಿಗುತ್ತವೆ. ಮೊದಲನೆಯ ಬಗೆಯ ದಿನಕ್ಕೆ ಇಂದಿನ ದರ ಕೊಡುವುದು ನನ್ನ ದೃಷ್ಟಿಯಲ್ಲಿ ಸಮರ್ಥನೀಯವಲ್ಲ. ಎರಡನೆಯ ಬಗೆಯ ದಿನಕ್ಕೆ, ನಿಮ್ಮ ಮಕ್ಕಳ ವಯಸ್ಸಿನಲ್ಲಿ, ಹಲವು ವರ್ಷಗಳಿಗೊಮ್ಮೆ ಕೊಡಬಹುದು. ಹನ್ನೆರಡು ಮತ್ತು ಒಂಬತ್ತು ವರ್ಷದವರು ಬಹುತೇಕ ಎಲ್ಲ ರೈಡುಗಳನ್ನೂ ಹತ್ತುವಷ್ಟು ಎತ್ತರವಾಗಿರುತ್ತಾರೆ, ಅಪ್ಪ ಅಮ್ಮನ ಜೊತೆ ಕಿರುಚಿಕೊಂಡು ಕೂರಲು ಇನ್ನೂ ನಾಚುವುದಿಲ್ಲ. ಶಾಲೆಗೆ ಒಂದು ದಿನ ರಜೆ ಹಾಕಿಸಿಯಾದರೂ ವಾರದ ನಡುವಿನ, ಅಗ್ಗದ ದಿನವನ್ನೇ ಆರಿಸಿ. ಶಿಕ್ಷಕರು ನನ್ನನ್ನು ಕ್ಷಮಿಸಬೇಕು.

ಪ್ರಶ್ನೆ: ನಮಗೆ ರಜೆ ಸಿಗುವುದೇ ಎಲ್ಲರಿಗೂ ರಜೆ ಇರುವ ದಿನ. ಸಾಲು ತಪ್ಪಿಸುವ ವಿಶೇಷ ಪಾಸನ್ನು ಹೆಚ್ಚುವರಿ ಹಣ ಕೊಟ್ಟು ಕೊಂಡರೆ ನೀವು ಹೇಳುವ ತೊಂದರೆ ಪರಿಹಾರವಾಗುವುದಿಲ್ಲವೇ?

ಉತ್ತರ: ಕೊಂಡವರ ಮಟ್ಟಿಗೆ ಪರಿಹಾರವಾಗುತ್ತದೆ. ಆದರೆ ಆ ತೊಂದರೆಯ ಒಂದು ಭಾಗ ಹುಟ್ಟುವುದೇ ಆ ಪಾಸಿನಿಂದ ಎಂಬುದನ್ನು ತಿಳಿದು ಕೊಳ್ಳುವುದು ಒಳ್ಳೆಯದು.

ಒಂದು ರೈಡ್ ಗಂಟೆಗೆ 1,200 ಜನರನ್ನು ಕೂರಿಸಿಕೊಳ್ಳುತ್ತದೆ, ನಿಮ್ಮ ಮುಂದೆ 600 ಜನ ನಿಂತಿದ್ದಾರೆ ಎಂದು ಭಾವಿಸಿ. ಒಂದೇ ಸಾಲಿದ್ದರೆ ಅರ್ಧ ಗಂಟೆಯಲ್ಲಿ ನಿಮ್ಮ ಸರದಿ ಬರುತ್ತದೆ. ಈಗ ಮುಕ್ಕಾಲು ಪಾಲು ಆಸನಗಳನ್ನು ಪಾಸಿನವರಿಗೆ ಬಿಟ್ಟುಕೊಟ್ಟರೆ ಸಾಮಾನ್ಯ ಸಾಲಿಗೆ ಗಂಟೆಗೆ ಉಳಿಯುವುದು 300 ಆಸನ; ಅದೇ 600 ಜನರ ಹಿಂದೆ ನಿಂತ ನೀವು ಎರಡು ಗಂಟೆ ಕಾಯುತ್ತೀರಿ. ರೈಡಿನ ವೇಗ ಬದಲಾಗಿಲ್ಲ, ಆಸನಗಳು ಹೆಚ್ಚಾಗಿಲ್ಲ. ಒಬ್ಬರ ಸಮಯವನ್ನು ಇನ್ನೊಬ್ಬರಿಗೆ ಮಾರಲಾಗಿದೆ. ಪಾಸಿನವರು ಎಷ್ಟು ಹೆಚ್ಚುತ್ತಾರೋ ಸಾಮಾನ್ಯ ಸಾಲು ಅಷ್ಟು ನಿಧಾನವಾಗುತ್ತದೆ, ಅದು ನಿಧಾನವಾದಷ್ಟೂ ಪಾಸು ಕೊಳ್ಳಲು ಜನ ಮುಂದೆ ಬರುತ್ತಾರೆ.

ಡಿಸ್ನಿ ಪಾರ್ಕುಗಳಲ್ಲಿ 1999ರಲ್ಲಿ ಆರಂಭವಾದ ಫಾಸ್ಟ್‌ಪಾಸ್ ವ್ಯವಸ್ಥೆ ಉಚಿತವಾಗಿತ್ತು: ಗೊತ್ತಾದ ವೇಳೆಯ ಚೀಟಿ ಪಡೆದು ಆ ಹೊತ್ತಿಗೆ ಬಂದರೆ ಸಾಕಿತ್ತು. 2021ರಲ್ಲಿ ಅಮೆರಿಕದ ಪಾರ್ಕುಗಳಲ್ಲಿ ಅದರ ಜಾಗಕ್ಕೆ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆ ಬಂತು. ಆರಂಭದ ಬೆಲೆ ಫ್ಲೋರಿಡಾದಲ್ಲಿ ದಿನಕ್ಕೆ 15 ಡಾಲರ್, ಕ್ಯಾಲಿಫೋರ್ನಿಯಾದಲ್ಲಿ 20 ಡಾಲರ್. 2024ರ ಕೊನೆಯಲ್ಲಿ ವೇಳೆ ಕಾಯ್ದಿರಿಸುವ ಗೊಡವೆಯೇ ಇಲ್ಲದ, ಪ್ರವೇಶ ಟಿಕೆಟಿಗಿಂತಲೂ ದುಬಾರಿಯಾದ ಇನ್ನೊಂದು ಪಾಸೂ ಸೇರಿಕೊಂಡಿತು. ಥೀಮ್ ಪಾರ್ಕುಗಳ ದರ ಏರಿಕೆಯಲ್ಲಿ ನನಗೆ ಅತಿ ಹೆಚ್ಚು ಆಕ್ಷೇಪವಿರುವುದು ಈ ಅಂಶಕ್ಕೆ. ಟಿಕೆಟ್ ದುಬಾರಿಯಾಗುವುದು ಒಂದು ವಿಷಯ. ಹಿಂದೆ ಟಿಕೆಟಿನೊಳಗೇ ಇದ್ದದ್ದನ್ನು ಹೊರತೆಗೆದು ಮತ್ತೆ ಮಾರುವುದು ಬೇರೆಯೇ ವಿಷಯ. ದರಪಟ್ಟಿಯಲ್ಲಿ ಮೊದಲನೆಯದು ಕಾಣುತ್ತದೆ, ಎರಡನೆಯದು ಒಳಗೆ ಹೋಗಿ ಸಾಲಿನಲ್ಲಿ ನಿಂತ ಮೇಲೆ ಕಾಣುತ್ತದೆ.

ಹಾಗಾಗಿ ನಿಮ್ಮಂಥವರು ಬಜೆಟ್ ಹಾಕುವಾಗ ಪಾಸಿನ ಬೆಲೆಯನ್ನೂ ಟಿಕೆಟಿನ ಭಾಗವೆಂದೇ ಎಣಿಸಿ, ಕುಟುಂಬದ ಎಲ್ಲರ ತಲೆಗೂ ಸೇರಿಸಿ, ಬಂದ ಮೊತ್ತವನ್ನು ನೋಡಿ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಅದು ಭಾರವೆನಿಸಿದರೆ ದುಡ್ಡಿಲ್ಲದ ಕೆಲವು ಉಪಾಯಗಳಿವೆ. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, ಮೊದಲ ಗಂಟೆಯಲ್ಲಿ ಅತ್ಯಂತ ಜನಪ್ರಿಯವಾದ ರೈಡುಗಳನ್ನು ಮುಗಿಸಿಬಿಡುವುದು ಎಲ್ಲಕ್ಕಿಂತ ಫಲಕಾರಿ. ಮುಚ್ಚುವ ಮುಂಚಿನ ಗಂಟೆಯೂ ಹಾಗೆಯೇ. ಅನೇಕ ಪಾರ್ಕುಗಳಲ್ಲಿ ಮುಚ್ಚುವ ವೇಳೆಗೆ ಸಾಲಿನೊಳಗೆ ಇದ್ದವರಿಗೆ ರೈಡ್ ಹತ್ತಲು ಬಿಡುತ್ತಾರೆ. ಕೆಲವು ರೈಡುಗಳಲ್ಲಿ ಒಂಟಿ ಸವಾರರ ಸಾಲು ಇರುತ್ತದೆ: ಮೂವರ ಗುಂಪು ನಾಲ್ಕು ಆಸನಗಳ ಸಾಲಿನಲ್ಲಿ ಕುಳಿತಾಗ ಉಳಿಯುವ ಒಂದು ಆಸನಕ್ಕೆ ಅಲ್ಲಿಂದ ಒಬ್ಬರನ್ನು ಕರೆಯುತ್ತಾರೆ. ಅಕ್ಕಪಕ್ಕ ಕೂರಬೇಕೆಂಬ ಹಟವಿಲ್ಲದ ದೊಡ್ಡ ಮಕ್ಕಳಿಗೆ ಅದು ಹೇಳಿಮಾಡಿಸಿದ ವ್ಯವಸ್ಥೆ.

ಪ್ರಶ್ನೆ: ಪಾರ್ಕಿನವರು ದರವನ್ನು ಅರ್ಧಕ್ಕಿಳಿಸಿದರೆ ಎರಡರಷ್ಟು ಜನ ಬರುವುದಿಲ್ಲವೇ? ಜನರಿಗೂ ಅನುಕೂಲ, ಅವರಿಗೂ ನಷ್ಟವಿಲ್ಲ. ದುರಾಸೆಯಲ್ಲದೆ ಇದಕ್ಕೆ ಬೇರೆ ಕಾರಣವಿದೆಯೇ?

ಉತ್ತರ: ಎರಡರಷ್ಟು ಜನ ಬಂದರೆ ಕೂರಿಸುವುದೆಲ್ಲಿ? ಮೇಲಿನ ಉದಾಹರಣೆಯ ರೈಡ್ ಹತ್ತು ಗಂಟೆ ಓಡಿದರೆ 12,000 ಜನ ಹತ್ತಬಹುದು. ಪಾರ್ಕಿನೊಳಗೆ 30,000 ಜನರಿದ್ದರೆ 18,000 ಜನರಿಗೆ ಅಂದು ಅದು ಸಿಗುವುದೇ ಇಲ್ಲ. 60,000 ಜನರಿದ್ದರೆ ಹೇಳುವುದೇ ಬೇಡ. ಹಣದಿಂದ ಹಂಚದಿದ್ದರೆ ಆಸನಗಳನ್ನು ಕಾಯುವಿಕೆಯಿಂದ ಹಂಚಬೇಕಾಗುತ್ತದೆ.

ಹಾಗೆಂದು ದರ ಏರಿಸುವವರೆಲ್ಲ ಗೆಲ್ಲುತ್ತಾರೆಂದೂ ತಿಳಿಯಬೇಕಾಗಿಲ್ಲ. ಅಮೆರಿಕದ ಸಿಕ್ಸ್ ಫ್ಲಾಗ್ಸ್ ಸಂಸ್ಥೆ 2022ರಲ್ಲಿ ರಿಯಾಯಿತಿಗಳನ್ನು ಕಡಿತಗೊಳಿಸಿ ದರ ಏರಿಸಿತು; ಕಡಿಮೆ ಜನ ಬಂದು ಹೆಚ್ಚು ಖರ್ಚು ಮಾಡಲಿ ಎಂಬುದು ಅದರ ಎಣಿಕೆ. ಹಿಂದಿನ ವರ್ಷ 2.77 ಕೋಟಿಯಿದ್ದ ಸಂದರ್ಶಕರ ಸಂಖ್ಯೆ 2.05 ಕೋಟಿಗೆ ಕುಸಿಯಿತು. ಒಬ್ಬೊಬ್ಬರ ಖರ್ಚು ನಿರೀಕ್ಷೆಯಂತೆ ಹೆಚ್ಚಿದರೂ ಒಟ್ಟು ವರಮಾನ ಇಳಿಯಿತು. ಅಂದರೆ ಗ್ರಾಹಕರು ಹೋಗದೆ ಇರುವುದೂ ದರದ ಮೇಲೆ ಪರಿಣಾಮ ಬೀರುವ ಒಂದು ಉತ್ತರವೇ.

ಒಳಗೆ ಬರಲು ಎಷ್ಟು, ಒಂದೊಂದು ರೈಡಿಗೆ ಎಷ್ಟು ಎಂಬ ಈ ಪ್ರಶ್ನೆ ಅರ್ಥಶಾಸ್ತ್ರಜ್ಞರನ್ನೂ ಕಾಡಿದೆ; ವಾಲ್ಟರ್ ಓಯ್ 1971ರಲ್ಲಿ ಡಿಸ್ನಿಲ್ಯಾಂಡನ್ನೇ ಮುಂದಿಟ್ಟುಕೊಂಡು ಬರೆದ ಪ್ರಬಂಧವನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ. ವ್ಯವಹಾರದಲ್ಲಿ ಈ ಎರಡೂ ಬಗೆಯ ಪಾರ್ಕುಗಳು ಬದುಕಿವೆ. ಡೆನ್ಮಾರ್ಕಿನಲ್ಲಿ 1583ರಷ್ಟು ಹಿಂದೆ ಹುಟ್ಟಿದ ಬಾಕೆನ್‌ಗೆ ಪ್ರವೇಶ ಉಚಿತ, ಹತ್ತಿದ ರೈಡಿಗಷ್ಟೇ ಹಣ. ಪೆನ್ಸಿಲ್ವೇನಿಯಾದ ಕನೋಬಲ್ಸ್ ಪಾರ್ಕಿನಲ್ಲಿ ಪ್ರವೇಶಕ್ಕೂ ವಾಹನ ನಿಲುಗಡೆಗೂ ಶುಲ್ಕವಿಲ್ಲ. ಇಂಥ ಪಾರ್ಕುಗಳಲ್ಲಿ ಜಗತ್ಪ್ರಸಿದ್ಧ ಸಿನಿಮಾ ಪಾತ್ರಗಳಿರುವುದಿಲ್ಲ, ನೂರಾರು ಕೋಟಿಯ ಹೊಸ ರೈಡ್ ಇರುವುದಿಲ್ಲ. ಆದರೆ ಮರದ ರೋಲರ್ ಕೋಸ್ಟರ್ ಇಳಿಯುವಾಗ ಹೊಟ್ಟೆಯಲ್ಲಿ ಆಗುವ ತಳಮಳಕ್ಕೆ ಪಾತ್ರಗಳ ಪರವಾನಗಿ ಬೇಕಾಗಿಲ್ಲ. ನಿಮ್ಮ ಮನೆಯವರಿಗೆ ಬೇಕಾದದ್ದು ಆ ತಳಮಳವೇ ಆಗಿದ್ದರೆ ದೊಡ್ಡ ಹೆಸರಿನ ಬೆನ್ನು ಹತ್ತುವ ಅಗತ್ಯವಿಲ್ಲ.

ಪ್ರಶ್ನೆ: ವಾರ್ಷಿಕ ಪಾಸ್ ಕೊಂಡರೆ ಅಗ್ಗವಾಗುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ಪಾರ್ಕಿನ ಹತ್ತಿರ ವಾಸವಿದ್ದು, ಸಂಜೆ ಎರಡು ಗಂಟೆ ಹೋಗಿ ಬರುವ ಅಭ್ಯಾಸವಿರುವವರಿಗೆ ಹೌದು. ದೂರದವರಿಗೆ ಸಾಮಾನ್ಯವಾಗಿ ಇಲ್ಲ, ಏಕೆಂದರೆ ಟಿಕೆಟಿನಲ್ಲಿ ಉಳಿದದ್ದು ಪ್ರಯಾಣ, ವಸತಿ ಮತ್ತು ಊಟದಲ್ಲಿ ಹೋಗುತ್ತದೆ. ಕೊಳ್ಳುವ ಮೊದಲು ಪಾಸ್ ನಡೆಯದ ದಿನಗಳ ಪಟ್ಟಿಯನ್ನು ಕೇಳಿ ನೋಡಿ. ಅಗ್ಗದ ಪಾಸುಗಳಲ್ಲಿ ನಿಮಗೆ ಬಿಡುವಿರುವ ದಿನಗಳೇ ಆ ಪಟ್ಟಿಯಲ್ಲಿರುತ್ತವೆ. ಪಾಸಿದ್ದರೂ ಮುಂಗಡವಾಗಿ ದಿನ ಕಾಯ್ದಿರಿಸಬೇಕೆಂಬ ನಿಯಮ ಉಂಟೇ ಎಂಬುದನ್ನೂ ವಿಚಾರಿಸಿ. ಡಿಸ್ನಿಲ್ಯಾಂಡ್ 2021ರಲ್ಲಿ ತನ್ನ ಹಳೆಯ ವಾರ್ಷಿಕ ಪಾಸುಗಳನ್ನು ನಿಲ್ಲಿಸಿ ಹೊಸದನ್ನು ತಂದಾಗ ಅಂಥದೇ ನಿಯಮ ಹಾಕಿತು.

ಪ್ರಶ್ನೆ: ನಮ್ಮ ಮೊಮ್ಮಗನಿಗೆ ನಾಲ್ಕು ವರ್ಷ. ಅವನ ಹುಟ್ಟುಹಬ್ಬಕ್ಕೆ ಮನೆಮಂದಿಯೆಲ್ಲ ದೊಡ್ಡ ಥೀಮ್ ಪಾರ್ಕಿಗೆ ಹೋಗಬೇಕೆಂದು ಮಗ, ಸೊಸೆಯ ಆಸೆ. ಖರ್ಚಿನ ಒಂದು ಪಾಲು ನಮ್ಮದು. ಬೇಡವೆಂದರೆ ಬೇಸರವಾದೀತು.

ಉತ್ತರ: ಬೇಡವೆನ್ನುವ ಬದಲು ಮೂರು ನಾಲ್ಕು ವರ್ಷ ತಡೆಯೋಣವೆನ್ನಿ. ವೇಗದ ರೈಡುಗಳಿಗೆ ಎತ್ತರದ ಮಿತಿ ಇರುತ್ತದೆ. ಅನೇಕ ಕಡೆ ಅದು 102 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು, ಮತ್ತು ನಾಲ್ಕು ವರ್ಷದ ಮಕ್ಕಳು ಸುಮಾರು ಅದರ ಆಸುಪಾಸಿನಲ್ಲಿರುತ್ತಾರೆ. ಸಾಲಿನಲ್ಲಿ ನಿಂತು ಕೊನೆಗೆ ಅಳತೆಗೋಲಿನ ಮುಂದೆ ಹಿಂದಿರುಗಬೇಕಾದರೆ ಮಗುವಿಗೂ ದುಃಖ, ಹಿರಿಯರಿಗೂ ಕಿರಿಕಿರಿ. ಟಿಕೆಟಿನಲ್ಲಿ ಮಾತ್ರ ಈ ವಯಸ್ಸಿಗೆ ದೊಡ್ಡ ರಿಯಾಯಿತಿಯಿಲ್ಲ: ಡಿಸ್ನಿಯ ಅಮೆರಿಕದ ಪಾರ್ಕುಗಳಲ್ಲಿ ಮೂರು ವರ್ಷ ತುಂಬದವರಿಗೆ ಪ್ರವೇಶ ಉಚಿತವಾದರೂ, ಮೂರರಿಂದ ಒಂಬತ್ತು ವರ್ಷದವರ ದರ ದೊಡ್ಡವರ ದರಕ್ಕಿಂತ ತುಸುವೇ ಕಡಿಮೆ. ಇನ್ನು ನೀವಿಬ್ಬರೂ ರೈಡ್ ಹತ್ತದೆ ಚೀಲ ಕಾಯುತ್ತ ಬೆಂಚಿನ ಮೇಲೆ ಕುಳಿತರೂ ಪೂರ್ತಿ ಟಿಕೆಟ್ ಕೊಡಲೇಬೇಕಾಗುತ್ತದೆ.

ಈ ವರ್ಷವೇ ಹೋಗಬೇಕೆಂಬ ಹಟವಿದ್ದರೆ, ಹಿಂದಿನ ಉತ್ತರದಲ್ಲಿ ಹೇಳಿದಂತೆ ಹತ್ತಿದ ರೈಡಿಗಷ್ಟೇ ಹಣ ಪಡೆಯುವ ಸಣ್ಣ ಪಾರ್ಕೊಂದನ್ನು ಹುಡುಕಿ. ನಾಲ್ಕು ವರ್ಷದ ಮಗು ತಿರುಗುವ ಕುದುರೆಯ ಮೇಲೆ ಐದು ಸಲ ಕೂರುತ್ತೇನೆಂದರೆ ಐದು ಸಲಕ್ಕೆ ಹಣ ಕೊಟ್ಟು, ಮಧ್ಯಾಹ್ನ ಅದಕ್ಕೆ ನಿದ್ದೆ ಬಂದಾಗ ನಷ್ಟವಾಯಿತೆಂಬ ಚಿಂತೆಯಿಲ್ಲದೆ ಮನೆಗೆ ಹೊರಡಬಹುದು.